ಇನ್ನೂರ ಹದಿನಾಲ್ಕು ಊಟ

ಹದಿನೆಂಟು ವರ್ಷ ಡೇಟಾ ಎಂಟ್ರಿ ಮಾಡಿದವನಿಗೆ ಡೇಟಾ ಸೈನ್ಸ್ ಎಷ್ಟರದು! ಬೆಳ್ತಂಗಡಿಯ ಒಂದು ಕಚೇರಿಯಲ್ಲಿ ಊರವರ ಹೆಸರು, ವಿಳಾಸ, ಸರ್ವೆ ನಂಬರುಗಳನ್ನು ಕಂಪ್ಯೂಟರಿಗೆ ತುಂಬಿಸಿ ತುಂಬಿಸಿ ಬೆರಳ ತುದಿ ಸವೆಸಿಕೊಂಡ ಜಯಪ್ರಕಾಶ ಹೀಗೆಂದು ಘೋಷಿಸಿದ್ದು ಒಂದು ಶನಿವಾರ ಬೆಳಗ್ಗೆ, ನೀರುದೋಸೆಯ ತಟ್ಟೆಯ ಎದುರು. ಮೂಡುಬಿದಿರೆಯ ಕಾಲೇಜೊಂದು ವಾರಾಂತ್ಯದ ಎಂ.ಎಸ್ಸಿ. ಡೇಟಾ ಸೈನ್ಸ್ ಶುರು ಮಾಡುವುದಾಗಿ ಪೇಪರಿನಲ್ಲಿ ಜಾಹೀರಾತು ಕೊಟ್ಟಿತ್ತು. ವಯಸ್ಸಿನ ಮಿತಿ ಇಲ್ಲ! ನಲವತ್ತಮೂರರ ಜಯಪ್ರಕಾಶನಿಗೆ ಆ ಸಾಲನ್ನು ತನಗೆಂದೇ ಅಚ್ಚು ಹಾಕಿಸಿದಂತೆ ಕಂಡಿತು.

"ಮಗಳು ಮುಂದಿನ ವರ್ಷ ಕಾಲೇಜಿಗೆ ಹೋಗ್ತಾಳೆ. ನೀವೂ ಹೋಗ್ತೀರಾ? ಇಬ್ಬರಿಗೂ ಒಟ್ಟಿಗೆ ಬುತ್ತಿ ಕಟ್ಟಿಕೊಡ್ತೇನೆ," ಎಂದಳು ಹೆಂಡತಿ ದಮಯಂತಿ, ಕಾವಲಿಯಿಂದ ಕಣ್ಣು ತೆಗೆಯದೆ.

"ತಮಾಷೆ ಅಲ್ಲ ಇದು. ಮೊನ್ನೆ ಮೊನ್ನೆ ಬಂದ ಆ ಮನ್ವಿತ್ ಇದೇ ಡಿಗ್ರಿ ಇಟ್ಕೊಂಡು ನನ್ನ ಮೇಲಿನ ಕುರ್ಚಿಯಲ್ಲಿ ಕೂತಿದ್ದಾನೆ. 'ಅಂಕಲ್, ಸ್ವಲ್ಪ ಬೇಗ ಟೈಪ್ ಮಾಡಿ' ಅಂತಾನೆ ನನಗೆ!"

ಆ 'ಅಂಕಲ್' ಜಯಪ್ರಕಾಶನಿಗೆ ನಿಜಕ್ಕೂ ನಾಟಿತ್ತು. ದಮಯಂತಿಗೂ ಪಾಪ ಅನಿಸಿರಬೇಕು, ಕೇಳದೆಯೇ ಇನ್ನೊಂದು ದೋಸೆ ಹಾಕಿದಳು.

ಅರ್ಜಿಯಲ್ಲಿ ಒಂದೇ ಒಂದು ತೊಡಕಿತ್ತು. ಜೀವನದ ಸಮಸ್ಯೆಯೊಂದನ್ನು ಡೇಟಾ ಬಳಸಿ ಬಿಡಿಸಬೇಕು. ಅದರಿಂದ ಪ್ರಯೋಜನ ಪಡೆದವರ ಸಹಿಯುಳ್ಳ ಪತ್ರ ಲಗತ್ತಿಸಬೇಕು. ಕೊನೆಯ ದಿನಾಂಕಕ್ಕೆ ಹನ್ನೊಂದು ದಿನ. ಆದರೆ ಸಮಸ್ಯೆ ತಾನಾಗಿ ಕಾಲ ಬುಡಕ್ಕೇ ಬಂದು ಬಿದ್ದಿತ್ತು. ಬಂಟ್ವಾಳದಲ್ಲಿ ಮಾವ ಧರ್ಣಪ್ಪನವರ ಹೊಸ ಮನೆಯ ಒಕ್ಕಲು, ಅಂದರೆ ಗೃಹಪ್ರವೇಶ, ನಾಳೆಯದನ್ನು ಬಿಟ್ಟು ಅದರ ಮುಂದಿನ ಭಾನುವಾರ. ಅಡುಗೆ ಎಷ್ಟು ಜನಕ್ಕೆ?

"ಆರುನೂರಕ್ಕೆ ಹಾಕುವ," ಎಂದರು ಅಡುಗೆಯ ಭಟ್ಟರು.

"ಯಾವ ಆಧಾರದ ಮೇಲೆ ಭಟ್ರೇ?"

"ನೂರ ತೊಂಬತ್ತು ಮನೆಗೆ ಕಾಗದ ಕೊಟ್ಟಿದ್ದಾರಲ್ಲ. ಅಂದಾಜು."

ಅಂದಾಜು! ಜಯಪ್ರಕಾಶ ಕರುಣೆಯಿಂದ ನಕ್ಕ. ಅಂದೇ ನೂರ ತೊಂಬತ್ತು ಮನೆಗಳ ಪಟ್ಟಿ ಹಿಡಿದು ಫೋನಿಗೆ ಕೂತ. ಆಫೀಸು ಬಿಟ್ಟು ಬಂದ ಮೇಲೆ ಸಂಜೆಯೆಲ್ಲ ಅದೇ ಕೆಲಸ. ಎಲ್ಲರಿಗೂ ಮೂರೇ ಪ್ರಶ್ನೆ: ಬರ್ತೀರಾ? ಎಷ್ಟು ಜನ? ಊಟಕ್ಕೆ ನಿಲ್ತೀರಾ?

ಉತ್ತರಗಳು ಅವನಿಗೆ ಬಂಗಾರವಾಗಿದ್ದವು. ಆ ದಿನ ಮೂಡುಬಿದಿರೆಯಲ್ಲಿ ಒಂದು ದೊಡ್ಡ ಮದುವೆ, ಕಲ್ಲಡ್ಕದಲ್ಲಿ ಒಂದು ಸೀಮಂತ. ಮೂರೂ ಕಡೆ ಹೇಳಿಕೆ, ಅಂದರೆ ಆಮಂತ್ರಣ, ಇದ್ದವರು ಎರಡು ಕಡೆ ಮುಖ ತೋರಿಸಿ, ಕವರು ಕೊಟ್ಟು, ಒಂದು ಕಡೆ ಮಾತ್ರ ಊಟ ಮಾಡುವುದು ಊರ ಕ್ರಮ. ಹೆಚ್ಚಿನವರು "ನೋಡುವ" ಎಂದರು. ಇಷ್ಟು ವರ್ಷ ಈ ಊರಿನಲ್ಲಿ ಬದುಕಿದವನಿಗೆ "ನೋಡುವ" ಎಂದರೆ ಬರುವುದಿಲ್ಲ ಎಂದು ಗೊತ್ತಿಲ್ಲವೇ? ಅವರ ಹೆಸರಿನ ಮುಂದೆಲ್ಲ ದೊಡ್ಡ ಸೊನ್ನೆ ಬಿತ್ತು. ಗುಣಿಸಿ, ಭಾಗಿಸಿ, ಬಣ್ಣಬಣ್ಣದ ನಕ್ಷೆ ಬಿಡಿಸಿ, ಗುರುವಾರ ಸಂಜೆ ಫಲಿತಾಂಶ ಪ್ರಕಟವಾಯಿತು: ಇನ್ನೂರ ಹದಿನಾಲ್ಕು!

"ಇನ್ನೂರು ಸರಿ, ಆ ಹದಿನಾಲ್ಕು ಜನ ಯಾರು?" ಎಂದು ಭಟ್ಟರು ಗಾಬರಿಯಿಂದ ಕೇಳಿದರು.

"ಅದು ವಿಜ್ಞಾನ ಭಟ್ರೇ."

ಧರ್ಣಪ್ಪನವರು ಮೂವತ್ತು ವರ್ಷ ಪ್ರೈವೇಟ್ ಬಸ್ಸಿನ ಕಂಡಕ್ಟರಾಗಿದ್ದವರು. ಅಳಿಯ ಓದಿದವನು, ಹೇಳಿದ್ದು ಸರಿಯಿರಬೇಕೆಂದು ಒಪ್ಪಿಕೊಂಡರು. ಭಟ್ಟರು ಮಾತ್ರ ಗೊಣಗುತ್ತಾ ಎರಡು ದೊಡ್ಡ ಕಡಾಯಿಗಳನ್ನು ಗೋಡೆಗೆ ಒರಗಿಸಿಟ್ಟರು.

ಭಾನುವಾರ ಹನ್ನೆರಡೂವರೆಗೆ ಮೊದಲ ಹಂತಿಯವರು ಉಂಡು ಏಳುವ ಹೊತ್ತಿಗೆ ಜಯಪ್ರಕಾಶ ಗೇಟಿನ ಹತ್ತಿರ ನಿಂತು ವರದಿಯ ಕೊನೆಯ ವಾಕ್ಯವನ್ನು ಮನಸ್ಸಿನಲ್ಲೇ ಬರೆಯುತ್ತಿದ್ದ. ಆಗ ಬಂತು ಮೂಡುಬಿದಿರೆ ಕಡೆಯಿಂದ ಒಂದು ವ್ಯಾನು. ಅದರ ಹಿಂದೆ ಎರಡು ಜೀಪು. ಅದರ ಹಿಂದೆ ರಸ್ತೆಯ ತಿರುವಿನವರೆಗೂ ಕಾರುಗಳು! ವ್ಯಾನಿನಿಂದ ಮೊದಲು ಇಳಿದವರು ಫೋನಿನಲ್ಲಿ 'ನೋಡುವ' ಎಂದಿದ್ದ ದೂರದ ನೆಂಟ ಅಣ್ಣು ಮಾವ. ಹಿಂದಿನಿಂದ ಹತ್ತು ಜನ.

"ಮಾವಾ, ನೀವು ಮೂಡುಬಿದಿರೆ ಮದುವೆಗೆ..."

"ಅಲ್ಲಿ ಮುಖ ತೋರಿಸಿ ಓಡಿ ಬಂದದ್ದು! ಕಾಗದ ಕೊಟ್ಟ ಮೇಲೆ ಪುನಃ ನೀನೇ ಫೋನ್ ಮಾಡಿ ಊಟಕ್ಕೆ ನಿಲ್ತೀರಾ ಅಂತ ಕೇಳಿದ್ದಲ್ಲ ಮಾರಾಯ. ಇಷ್ಟು ಪ್ರೀತಿಯಲ್ಲಿ ಕರೆದ ಮೇಲೆ ಬಾರದೆ ಇರ್ಲಿಕ್ಕೆ ಆಗ್ತದಾ?"

"ಆದರೆ ಹತ್ತು ಜನ..."

"ಎಷ್ಟು ಜನ ಅಂತಲೂ ಕೇಳಿದೆಯಲ್ಲ! ಇಬ್ಬರೇ ಬಂದ್ರೆ ನಿನಗೆ ಬೇಸರ ಆದೀತು ಅಂತ ತಂಗಿಯ ಮನೆಯವರನ್ನೂ ಕರ್ಕೊಂಡು ಬಂದೆ."

ಸೊನ್ನೆಗಳೆಲ್ಲ ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಮಕ್ಕಳ ಕೈ ಹಿಡಿದು ಸಾಲಾಗಿ ಗೇಟು ದಾಟುತ್ತಿದ್ದವು!

"ನಿಮ್ಮದು ಲೆಕ್ಕ ಅಲ್ಲ, ಒತ್ತಾಯ!" ಅಡುಗೆ ಚಪ್ಪರದ ಹಿಂದೆ ದಮಯಂತಿ ಹಲ್ಲು ಕಚ್ಚಿ ಹೇಳಿದಳು. "ನೂರ ತೊಂಬತ್ತು ಮನೆಗೆ ಎರಡೆರಡು ಸಲ ಹೇಳಿಕೆ ಕೊಟ್ಟ ಹಾಗಾಯ್ತಲ್ಲ! ಅಪ್ಪನ ಮರ್ಯಾದೆ ಏನಾಗ್ಬೇಕು ಈಗ?"

"ಪಾಯಸಕ್ಕೆ ನೀರು..."

"ಮೂರು ಸಲ ಹಾಕಿ ಆಯ್ತು. ಇನ್ನು ಹಾಕಿದ್ರೆ ಅದರಲ್ಲಿ ಕೈ ತೊಳೀಬಹುದು!"

ಹೋಟೆಲುಗಳಿಗೆ ಫೋನಾಯಿತು. ಒಂದರಲ್ಲಿ ನಲವತ್ತು ಊಟ ಉಂಟು, ಇನ್ನೊಂದರಲ್ಲಿ ಸಾಂಬಾರು ಮಾತ್ರ ಉಂಟು. ಎಲೆ ಹಾಕಿ ಕೂತವರು ಗೋಡೆಯ ಬಣ್ಣವನ್ನು ಹೊಗಳಿ ಹೊಗಳಿ ಸುಸ್ತಾದರು. ಧರ್ಣಪ್ಪನವರು ಒಂದು ಮೂಲೆಯಲ್ಲಿ ನಿಂತು ಹೆಗಲ ಶಾಲಿನಿಂದ ಮತ್ತೆ ಮತ್ತೆ ಮುಖ ಒರೆಸಿಕೊಳ್ಳುತ್ತಿದ್ದರು. ಆ ಮುಖ ನೋಡಿ ಜಯಪ್ರಕಾಶನಿಗೆ ಅಳುವೇ ಬಂದಂತಾಯಿತು.

ಅಷ್ಟರಲ್ಲಿ ಭಟ್ಟರ ಮೊಬೈಲು ಹೊಡೆದುಕೊಂಡಿತು. ಮೂಡುಬಿದಿರೆಯ ಮದುವೆಯಲ್ಲಿ ಅಡುಗೆ ವಹಿಸಿಕೊಂಡಿದ್ದ ಅವರ ತಮ್ಮ. ಭಟ್ಟರು ಕೇಳುತ್ತಾ ಕೇಳುತ್ತಾ ಕಣ್ಣು ಅಗಲಿಸಿದರು.

"ಅಲ್ಲಿ ನಾಲ್ಕುನೂರು ಊಟ ಹಾಗೇ ಉಂಟಂತೆ! ಜನ ಅಕ್ಷತೆ ಹಾಕಿ ಎಲ್ಲಿಗೋ ಓಡಿದ್ದಾರಂತೆ. ಎಲ್ಲಿಗೆ ಅಂತ ಅವನಿಗೆ ಗೊತ್ತಿಲ್ಲ!"

ಗೊತ್ತಿದ್ದವರು ತಡಮಾಡಲಿಲ್ಲ. ಮುಕ್ಕಾಲು ಗಂಟೆಯಲ್ಲಿ ಹೋಳಿಗೆ, ಪಲ್ಯ, ಅನ್ನ, ಗಸಿ ತುಂಬಿದ ಎರಡು ಟೆಂಪೊ ಬಂದು ನಿಂತವು. ಮದುವೆಯ ಊಟ ಬಿಟ್ಟು ಓಡಿಬಂದವರು ಒಕ್ಕಲಿನ ಮನೆಯಲ್ಲಿ ಕೂತು ಅದೇ ಮದುವೆಯ ಊಟವನ್ನು ಚಪ್ಪರಿಸಿಕೊಂಡು ಉಂಡರು. "ನಿಮ್ಮಲ್ಲಿಯ ಹೋಳಿಗೆ ಅಲ್ಲಿ ಸಿಗ್ಲಿಕ್ಕಿಲ್ಲ," ಎಂದು ಅಣ್ಣು ಮಾವ ಮೂರನೆಯದನ್ನು ಹಾಕಿಸಿಕೊಂಡರು.

ಸಂಜೆ ಜಯಪ್ರಕಾಶ ಬೈಗುಳಕ್ಕೆ ತಲೆ ತಗ್ಗಿಸಿಕೊಂಡು ಹೋದರೆ ಧರ್ಣಪ್ಪನವರು ಆರಾಮಕುರ್ಚಿಯಲ್ಲಿ ಅರಳಿಕೊಂಡು ಕೂತಿದ್ದರು.

"ಆರುನೂರ ಮೂವತ್ತೆಂಟು ತಲೆ! ನಾನೇ ಎಣಿಸಿದ್ದು, ಕಂಡಕ್ಟರಲ್ವಾ. ಈ ರಸ್ತೆಯಲ್ಲಿ ಯಾರ ಒಕ್ಕಲಿಗೂ ಇಷ್ಟು ಜನ ಆದದ್ದಿಲ್ಲ. ಪತ್ರ ಕೊಡಿ, ಸಹಿ ಹಾಕ್ತೇನೆ."

ಆದರೆ ಜಯಪ್ರಕಾಶ ಟೈಪ್ ಮಾಡಿ ತಂದ ಪತ್ರವನ್ನು ಅವರು ಪಕ್ಕಕ್ಕಿಟ್ಟು, ಸ್ವಂತ ಕೈಯಿಂದಲೇ ಬರೆದರು: 'ನನ್ನ ಅಳಿಯನ ಲೆಕ್ಕ ಪೂರ್ತಿ ತಪ್ಪು. ಆದರೆ ಇವರು ಫೋನ್ ಮಾಡಿದರೆ ಎಂಥ ಬಾರದವರೂ ಬರುತ್ತಾರೆ.'

"ಮೊದಲಿನ ವಾಕ್ಯ ಬೇಕಾ ಮಾವಾ?"

"ಬೇಕು. ಸುಳ್ಳು ಲೆಕ್ಕಕ್ಕೆ ನಾನಿಲ್ಲ. ಟಿಕೆಟು ಕೊಡದೆ ಒಬ್ಬನನ್ನೂ ಬಸ್ಸಿನಲ್ಲಿ ಕೂರಿಸಿದವ ಅಲ್ಲ ನಾನು."

ಉಳಿದ ಮೂರೇ ದಿನದಲ್ಲಿ ಇನ್ನೊಂದು ಸಮಸ್ಯೆ ಬಿಡಿಸಿ ಬೇರೆ ಪತ್ರ ತರುವಂತಿರಲಿಲ್ಲ. ಅದನ್ನೇ ಲಗತ್ತಿಸಿ ಅರ್ಜಿ ಹೋಯಿತು. ಹತ್ತು ದಿನಕ್ಕೆ ಕಾಲೇಜಿನಿಂದ ಕರೆ ಬಂತು: ಖುದ್ದಾಗಿ ಬನ್ನಿ! ಜಯಪ್ರಕಾಶ ಇಸ್ತ್ರಿ ಅಂಗಿ ತೊಟ್ಟು, ಹೊಸ ಪೆನ್ನು ಸಿಕ್ಕಿಸಿಕೊಂಡು, ಮನ್ವಿತನ ಎದುರು ಗಟ್ಟಿಯಾಗಿ "ಅಡ್ಮಿಷನ್ ವಿಷಯ" ಎಂದು ಹೇಳಿಯೇ ರಜೆ ಹಾಕಿ ಮೂಡುಬಿದಿರೆ ಬಸ್ಸು ಹತ್ತಿದ.

ವಿಭಾಗದ ಮುಖ್ಯಸ್ಥೆ ಸಬೀಹಾ ಮೇಡಂ ಮಾವನ ಪತ್ರವನ್ನು ಎರಡು ಸಲ ಓದಿದರು.

"ಸೀಟು ಕೊಡ್ಲಿಕ್ಕೆ ಆಗುದಿಲ್ಲ ಸರ್. ಇನ್ನೂರು ಹೇಳಿ ಆರುನೂರು ಬಂದ್ರೆ ಹೇಗೆ?"

ಜಯಪ್ರಕಾಶ ಹೊಸ ಪೆನ್ನನ್ನು ಜೇಬಿನೊಳಕ್ಕೆ ಒತ್ತಿಕೊಂಡ. "ಸೀಟೆಲ್ಲ ಭರ್ತಿ ಆಯ್ತಾ ಮೇಡಂ?"

"ಎಲ್ಲಿಯ ಭರ್ತಿ! ನಲವತ್ತರಲ್ಲಿ ಮೂವತ್ತೊಂದು ಖಾಲಿ ಉಂಟು." ಮೇಡಂ ಡ್ರಾಯರಿನಿಂದ ಒಂದು ಉದ್ದದ ಪಟ್ಟಿ ತೆಗೆದು, ಮೇಜಿನ ಮೇಲಿದ್ದ ಫೋನನ್ನು ಅವನ ಕಡೆಗೆ ಸರಿಸಿದರು. "ಅದಕ್ಕೇ ನಿಮ್ಮನ್ನು ಬರ್ಲಿಕ್ಕೆ ಹೇಳಿದ್ದು. ಇವರೆಲ್ಲ ಅರ್ಜಿ ಫಾರಂ ತಗೊಂಡು ಹೋಗಿ ಪತ್ತೆ ಇಲ್ಲದವರು. ನೀವೊಮ್ಮೆ ಇವರ ಮನೆಗಳಿಗೆ ಫೋನ್ ಮಾಡ್ತೀರಾ?"