ಅತ್ತೆಯ ಕಪ್ಪು-ಬೆಳ್ಳಿ ತೋಟ

ನಮ್ಮ ಸೋದರತ್ತೆಯ ತೋಟಕ್ಕೆ ಕೆಂಪು ಬಣ್ಣದವರು ಯಾರೂ ಕಾಲಿಡುವಂತಿರಲಿಲ್ಲ. ನಮ್ಮ ಮನೆಯ ಹುಂಜವೂ ಸೇರಿ! ಕರಿ ಕೋಳಿ ಎಷ್ಟು ಬೇಕಾದರೂ ಕೆದಕಬಹುದು. ಹುಂಜ ಇಣುಕಿದರೆ ಸಾಕು, ಪೊರಕೆ ಹಿಡಿದು ಅಟ್ಟಿಸಿಕೊಂಡು ಹೋಗುತ್ತಿದ್ದಳು. "ನಿನ್ನ ಕೆಂಪು ಜುಟ್ಟು ಎತ್ಕೊಂಡು ಆಚೆ ಹೋಗಲಾ! ತೋಟದ ಬಣ್ಣ ಕೆಡಿಸ್ತೀಯ!"

ಅತ್ತೆ ಎಂದರೆ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ನಂದಗುಡಿ ಹತ್ತಿರದ ನಮ್ಮ ಮನೆಗೇ ಬಂದಿದ್ದಳು. ಬಂದವಳು ಸುಮ್ಮನಿದ್ದಳೇ? ಮನೆಯ ಮುಂದೆ ಕಪ್ಪು ಮತ್ತು ಬೆಳ್ಳಿ ಬಣ್ಣದ ಗಿಡಗಳನ್ನು ಮಾತ್ರ ಬೆಳೆಸುತ್ತೇನೆಂದು ಹಟ ಹಿಡಿದಳು. ಅದು ಎರಡನೇ ಮಹಾಯುದ್ಧದ ಕಾಲ. ಊರವರೆಲ್ಲ ಸೀಮೆಎಣ್ಣೆ ಹುಡುಕಿಕೊಂಡು ಅಲೆಯುತ್ತಿದ್ದರೆ ನಮ್ಮತ್ತೆ ಕಪ್ಪು ಎಲೆ ಹುಡುಕಿಕೊಂಡು ಅಲೆಯುತ್ತಿದ್ದಳು!

ಗಿಡ ಆರಿಸುವ ವೈಖರಿಯನ್ನಂತೂ ಕೇಳಲೇಬೇಡಿ. ಅರ್ಧ ನರೆತ ಜಡೆಯನ್ನು ಭುಜದ ಮೇಲಿಂದ ಮುಂದಕ್ಕೆಳೆದು, ಪಕ್ಕದಲ್ಲಿ ಎಲೆ ಹಿಡಿದು ನೋಡುವಳು. ಕಪ್ಪು ಕೂದಲಿಗೋ ನರೆಗೋ ಸರಿಯಾದರೆ "ಹೊಂದುತ್ತೆ ಕಣೇ" ಎಂದು ಬುಟ್ಟಿಗೆ ಹಾಕುವಳು. ಇಲ್ಲದಿದ್ದರೆ ಆ ಗಿಡದ ವಂಶಕ್ಕೆಲ್ಲ ಬೈಗುಳ! ಹೀಗೆ ಕರಿ ತುಳಸಿ ಬಂತು, ಕರಿ ಉಮ್ಮತ್ತಿ ಬಂತು, ಬೂದಿ ಬಳಿದಂತಿದ್ದ ಎಕ್ಕ ಬಂತು, ಬೆಳ್ಳಗೆ ಮಿನುಗುವ ಮಾಚಿಪತ್ರೆಯೂ ಬಂತು.

ಎಕ್ಕ, ಉಮ್ಮತ್ತಿ ಬೆಳೆಯುವುದೆಲ್ಲಿ? ಹಾಳುಬಿದ್ದ ಜಾಗದಲ್ಲಿ, ಸುಡುಗಾಡಿನ ಬದಿಯಲ್ಲಿ. ಅವು ನಮ್ಮ ಬಾಗಿಲ ಮುಂದೆ! ಬಾವಿಕಟ್ಟೆಯಲ್ಲಿ ಹೆಂಗಸರು, "ನಿಮ್ಮನೇಲಿ ಯಾರಾದ್ರೂ ಹೋದ್ರೆ ದೂರ ಹೊರೋ ಕಷ್ಟ ಇಲ್ಲ ಬಿಡು" ಎಂದು ನಕ್ಕಾಗ ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು.

"ಅತ್ತೆ, ಒಂದೇ ಒಂದು ಸೇವಂತಿಗೆ ಗಿಡ ಹಾಕು, ನಿನ್ನ ಕಾಲಿಗೆ ಬೀಳ್ತೀನಿ."

"ಹೋಗೇ, ಅರಿಶಿನ ಅರೆದು ಚೆಲ್ಲಿದಂಗಿರುತ್ತೆ. ಕಣ್ಣಿಗೆ ಚುಚ್ಚುತ್ತೆ."

ಅಷ್ಟರಲ್ಲಿ ದೇವನಹಳ್ಳಿ ಕಡೆಯವರು ನನ್ನನ್ನು ನೋಡಲು ಬರುವುದೆಂದಾಯಿತು. ಹುಡುಗನನ್ನು ಹೊಸಕೋಟೆ ಸಂತೆಯಲ್ಲಿ ಕದ್ದು ನೋಡಿ ನಾನು ಆಗಲೇ ಒಪ್ಪಿಬಿಟ್ಟಿದ್ದೆ. ಈ ತೋಟದಿಂದ ಸಂಬಂಧ ತಪ್ಪಿದರೆ? ಅವ್ವ ಗಿಡಗಳಿಗೆಲ್ಲ ಒಣಹುಲ್ಲು ಹೊದಿಸಿ ಮುಚ್ಚಿದಳು. ಏನು ಪ್ರಯೋಜನ? ಬಂದವರ ಎತ್ತುಗಳು ನೊಗ ಕಳಚಿದ್ದೇ ತಡ ಹುಲ್ಲನ್ನೆಲ್ಲ ಎಳೆದೆಳೆದು ತಿಂದವು. ಉಮ್ಮತ್ತಿ ಎದ್ದು ನಿಂತು ಬೀಗರನ್ನು ಸ್ವಾಗತಿಸಿತು!

ಹುಡುಗನ ತಾಯಿ ಜಗುಲಿಯ ಮೇಲೆ ಕೂತು ಅವ್ವನನ್ನು ಕೇಳಿದರು: "ಇದೇನಮ್ಮಾ, ಹೆಣ್ಣುಮಗು ಇರೋ ಮನೆ ಮುಂದೆ ಎಕ್ಕ, ಉಮ್ಮತ್ತಿ? ಮುಡಿಯೋಕೆ ಒಂದು ಹೂವಿನ ಗಿಡ ಇಲ್ವಾ?"

ನಾನು ತಾಂಬೂಲದ ತಟ್ಟೆ ಹಿಡಿದು ನಿಂತಿದ್ದೆ. ಅವ್ವ ಬಾಯಿ ತೆರೆಯುವ ಮೊದಲೇ, ಶುಭಕಾರ್ಯವೆಂದು ಬಾಗಿಲ ಮರೆಯಲ್ಲೇ ನಿಂತಿದ್ದ ಅತ್ತೆ ಉತ್ತರ ಕೊಟ್ಟಳು.

"ತಪ್ಪು ನಂದೇ ಕಣ್ರಮ್ಮಾ. ಗಂಡ ತೀರ್ಕೊಂಡ ವರ್ಷ ಇದೇ ಮನೇಲಿ ಹಬ್ಬಕ್ಕೆ ಅಂತ ಹೂ ಕಟ್ಟೋಕೆ ಕೂತಿದ್ದೆ. ಮುಂಡೆ ಮುಟ್ಟಿದ ಹೂವ ಯಾರು ಮುಡೀತಾರೆ ಅಂತ ತಿಪ್ಪೆಗೆ ಹಾಕಿದ್ರು. ನಂಗೋ ಗಿಡ ಅಂದ್ರೆ ಪ್ರಾಣ. ಎಕ್ಕ, ಉಮ್ಮತ್ತಿ, ಹೂವಿಲ್ಲದ ಬರೀ ಮಾಚಿಪತ್ರೆನ ಹೆಂಗೂ ಯಾರೂ ಮುಡಿಯಲ್ಲ. ನಾನು ಮುಟ್ಟಿದ್ರೆ ಯಾರಿಗೇನು ನಷ್ಟ?" ಹೇಳಿ ನಕ್ಕಳು ಕೂಡ.

ಅವ್ವ ತಲೆ ತಗ್ಗಿಸಿದಳು. ಆ ಹಬ್ಬಕ್ಕೆ ಅಂಗಡಿಯಿಂದ ಬೇರೆ ಹೂವು ತರಿಸಿದ್ದರು, ಮುಡಿದವಳು ನಾನೇ. ಇಷ್ಟು ದಿನ ತೋಟಕ್ಕೆ ನಾಚುತ್ತಿದ್ದವಳಿಗೆ ಅವತ್ತು ನಮ್ಮ ಮನೆಗೇ ನಾಚಿಕೆಯಾಯಿತು. ಜಡೆಯಲ್ಲಿದ್ದ ಕನಕಾಂಬರದ ದಂಡೆ ಹೊರಲಾರದಷ್ಟು ಭಾರವೆನಿಸಿತು.

ತಟ್ಟೆಯನ್ನು ಜಗುಲಿಯ ಮೇಲಿಟ್ಟೆ. ತೋಟಕ್ಕಿಳಿದು ಮಾಚಿಪತ್ರೆಯ ಒಂದು ಕುಡಿ ಚಿವುಟಿ, ಎರಡಾಗಿ ಮುರಿದು, ಒಂದನ್ನು ನನ್ನ ಜಡೆಗೆ ಸಿಕ್ಕಿಸಿಕೊಂಡೆ. ಇನ್ನೊಂದನ್ನು ಬಾಗಿಲ ಮರೆಗೆ ಹೋಗಿ ಅತ್ತೆಯ ಜಡೆಗೆ ಮುಡಿಸಿದೆ. "ಅಯ್ಯೋ, ಬಂದವರೇನಂದ್ಕೋತಾರೆ!" ಎಂದು ಅವ್ವ ಪಿಸುಗುಟ್ಟಿದಳು. ಸಂಬಂಧ ಹೋಯಿತು ಎಂದೇ ನಾನೂ ಅಂದುಕೊಂಡೆ.

ಹುಡುಗನ ತಾಯಿ ಬಾಗಿಲ ಕಡೆಗೆ ಬಗ್ಗಿ ನಮ್ಮಿಬ್ಬರನ್ನೂ ನೋಡಿದರು. ಆಮೇಲೆ ತಾವೇ ಕೈ ಚಾಚಿ ತಟ್ಟೆಯಿಂದ ತಾಂಬೂಲ ತೆಗೆದುಕೊಂಡರು.

ಅತ್ತೆಗೆ ಅದರ ಪರಿವೆಯೇ ಇರಲಿಲ್ಲ. ಜಡೆಯನ್ನು ಭುಜದ ಮೇಲಿಂದ ಮುಂದಕ್ಕೆಳೆದು ನೋಡುತ್ತ ನಿಂತಿದ್ದಳು. ಕಣ್ಣು ತುಂಬಿತ್ತು.

"ಹೊಂದುತ್ತೆ ಕಣೇ" ಎಂದಳು.