ಮಸ್ಕತ್ತಿಗೆ ಹೋಗಬೇಕಿದ್ದ ಮದುವೆ

ನಮ್ಮ ಭಾವನಂಥ ಭಾವ ಸಾವಿರಕ್ಕೊಬ್ಬರು ಎಂದು ಅಕ್ಕ ಹೇಳುತ್ತಾಳೆ. ಸದ್ಯ, ಇನ್ನೊಬ್ಬರಿದ್ದಿದ್ದರೆ ನನ್ನ ಬಿ.ಪಿ. ಮಾತ್ರೆ ದಿನಕ್ಕೆ ಎರಡಾಗುತ್ತಿತ್ತು!

ಭಾವ ಟಿ. ನರಸೀಪುರದಲ್ಲಿ ಮದುವೆಗಳ ವಿಡಿಯೋ ತೆಗೆಯುವವರು. ಕ್ಯಾಸೆಟ್ಟಿನ ಕಾಲದಿಂದ ಸಿ.ಡಿ. ಕಾಲಕ್ಕೆ ಹೇಗೋ ದಾಟಿಬಂದಿದ್ದರು. ಆದರೆ ಅವರ ಸ್ವಂತ ಮಗನ ಮದುವೆಗೆ ಮಗಳಿಗೆ ಬರಲಾಗಲಿಲ್ಲ. ಮಸ್ಕತ್ತಿನ ಆಸ್ಪತ್ರೆಯಲ್ಲಿ ನರ್ಸು, ರಜೆ ಸಿಗಲಿಲ್ಲ. ಫೋನಿನಲ್ಲಿ ಅತ್ತು, ಕೊನೆಗೆ ಅವಳೇ ದಾರಿ ಹೇಳಿದಳು. "ವಿಡಿಯೋನ ಇಂಟರ್ನೆಟ್ಟಿಗೆ ಹಾಕಿ ಅಪ್ಪಾ. ಶುಕ್ರವಾರ ನಂಗೆ ಬಿಡುವು, ಇಲ್ಲಿ ಇಂಟರ್ನೆಟ್ ಅಂಗಡೀಲಿ ಕೂತು ನೋಡ್ತೀನಿ."

ಇಂಟರ್ನೆಟ್ಟಿಗೆ ಹಾಕುವುದು ಹೇಗೆ? ಭಾವನಿಗೆ ಗೊತ್ತಿಲ್ಲ. ಅವರಿಗೆ ಗೊತ್ತಿಲ್ಲದ್ದೆಲ್ಲ ನನಗೆ ಗೊತ್ತಿರಬೇಕು, ಯಾಕೆಂದರೆ ನಂಜನಗೂಡಿನ ನನ್ನ ಆಫೀಸಿನ ಮೇಜಿನ ಮೇಲೆ ಒಂದು ಕಂಪ್ಯೂಟರಿದೆ. ಅದರಲ್ಲಿ ಪತ್ರ ಟೈಪು ಮಾಡುವುದು ಬಿಟ್ಟು ನನಗೇನೂ ಬರುವುದಿಲ್ಲ ಎಂದೆ. ವಿನಯ ಅಂದುಕೊಂಡರು.

ಭಾನುವಾರ ಬಸ್ಸು ಹತ್ತಿದೆ. ಸ್ಟುಡಿಯೋದ ಕಂಪ್ಯೂಟರಿನಲ್ಲಿ 'ಎಕ್ಸ್‌ಪೋರ್ಟ್' ಎಂಬುದನ್ನು ಒತ್ತಿದೊಡನೆ ಫೈಲಿನ ಬಗೆಗಳ ಒಂದು ಪಟ್ಟಿ ಇಳಿಯಿತು. ಎಲ್ಲವೂ ಮೂರು ಮೂರಕ್ಷರದ ಹೆಸರುಗಳು. ಯಾವುದನ್ನು ಮುಟ್ಟಿದರೆ ಮದುವೆಯೇ ಅಳಿಸಿಹೋಗುತ್ತದೋ ಎಂದು ಮೌಸಿನ ಮೇಲೆ ನನ್ನ ಬೆರಳು ಬೆವರಿತು.

"ಇಷ್ಟ್ರಲ್ಲಿ ಯಾವ್ದು ಒಳ್ಳೇದು ಬಾಮೈದ?"

"ಎಲ್ಲಾ ಒಳ್ಳೇವೇ ಇರ್ಬೇಕು ಭಾವ."

"ಅಂಗಾದ್ರೆ ಕೊನೇದ್ನ ಒತ್ತು. ಒಸದಾಗಿ ಬಂದಿರೋದ್ನ ಕೊನೇಲಿ ತಾನೆ ಸೇರ್ಸಿರ್ತಾರೆ."

ಈ ತರ್ಕಕ್ಕೆ ಎದುರಾಡುವಷ್ಟು ತಿಳಿವಳಿಕೆ ನನ್ನಲ್ಲಿ ಎಲ್ಲಿಂದ ಬರಬೇಕು? ಒತ್ತಿದೆ. ಸೆಕೆಂಡಿಗೆ ಇಪ್ಪತ್ತೈದು ಚಿತ್ರ ಬೇಕೋ ಮೂವತ್ತೋ ಎಂದು ಕಂಪ್ಯೂಟರು ಕೇಳಿತು. ನಮ್ಮ ಕ್ಯಾಮೆರಾ ಇಪ್ಪತ್ತೈದರದ್ದು ಎಂದು ಮಾತ್ರ ನನಗೆ ಮಂಕಾಗಿ ಹೊಳೆಯಿತು.

"ಮೂವತ್ತು ಕೊಡ್ತೀನಿ ಅಂತಾವ್ನೆ, ಐದ್ನ ಯಾಕಯ್ಯಾ ಬುಡ್ತೀಯೆ?" ಎಂದರು ಭಾವ.

ಬಿಡಲಿಲ್ಲ. ಪರದೆಯ ಮೇಲೆ ಪುರೋಹಿತರು ಬಿಕ್ಕಳಿಕೆ ಬಂದವರಂತೆ ತಡೆತಡೆದು ಅಕ್ಷತೆ ಹಾಕತೊಡಗಿದರು. ಆಮೇಲೆ ಅಗಲದ ಪ್ರಶ್ನೆ. ದೊಡ್ಡದಿರಲಿ ಎಂದು ನಾನೇ ಅಗಲವಾದದ್ದನ್ನು ಆರಿಸಿದೆ. ಕಾಫಿ ತಂದ ಅಕ್ಕ ಪರದೆ ನೋಡಿ ಲೋಟ ಕೊಡದೆ ನಿಂತಳು.

"ಯಾರ್ರೀ ಇದು, ಮಣೆ ತುಂಬಾ ಕೂತಿರೋದು?"

"ನೀನೇ ಕಣೆ."

"ನನ್ನ ಇಂಗ್ ಎಳ್ದು ಅಗಲ ಮಾಡಿ ದೇಶಾಂತರ ಕಳಿಸ್ತೀರಾ? ಮಗಳು ಎದುರ್ಕಂಡಾಳು."

ಅಗಲ ಸರಿಮಾಡಿದೆವು. ಈಗ ತೂಕದ ಸಮಸ್ಯೆ. ಹಾಕಿದ್ದನ್ನು ಹಾಕಿದ ಹಾಗೇ ಇಟ್ಟುಕೊಳ್ಳುವ ಒಂದು ಸೈಟಿನ ಹೆಸರನ್ನು ಮಗಳು ಕೊಟ್ಟಿದ್ದಳು. ಅದು ಇಷ್ಟು ದೊಡ್ಡ ಫೈಲು ಒಲ್ಲೆ ಎಂದಿತು. ಸ್ವಲ್ಪ ಹಿಂಡಿ ಚಿಕ್ಕದು ಮಾಡಬೇಕಂತೆ ಎಂದೆ.

"ಇಂಡೋಕೆ ಇದೇನ್ ನಿಂಬೆಅಣ್ಣಾ? ತಮ್ಮನ ಮುಖವ ಚೌಕ ಚೌಕವಾಗಿ ನೋಡ್ಬೇಕಾ ಅವಳು?"

ಹಿಂಡದಿದ್ದರೆ ಹತ್ತು ನಿಮಿಷವಷ್ಟೇ ಹಿಡಿಸುತ್ತಿತ್ತು. ಆ ಹತ್ತರಲ್ಲಿ ಧಾರೆಗೆ ಎರಡು ನಿಮಿಷ, ಊಟದ ಪಂಕ್ತಿಗೆ ಎಂಟು! ನಮ್ಮ ಕಡೆ ಉಂಡವರೆಲ್ಲ ಎಲೆ ಸಮೇತ ವಿಡಿಯೋದಲ್ಲಿ ಕಾಣಬೇಕು. ಬಿಟ್ಟುಹೋದವರು ಮುಂದಿನ ಮದುವೆಯ ತನಕ ಮಾತು ಬಿಡುತ್ತಾರೆ. ಉಂಡವರೆಲ್ಲ ಮಸ್ಕತ್ತಿಗೆ ಹೋಗಿ ಪರಿಶೀಲಿಸುತ್ತಾರೆಯೇ? ಕೇಳಿದೆ. "ತಿಳೀತದೆ ಕಣಯ್ಯಾ" ಎಂದರು.

ಆ ಹತ್ತು ನಿಮಿಷವನ್ನು ಪೆನ್‌ಡ್ರೈವಿನಲ್ಲಿಟ್ಟು, ಜೇಬನ್ನು ಹತ್ತು ಸಲ ಮುಟ್ಟಿ ನೋಡಿಕೊಳ್ಳುತ್ತ ನಂಜನಗೂಡಿಗೆ ಬಂದೆ. ಅಲ್ಲಿನ ಇಂಟರ್ನೆಟ್ ಅಂಗಡಿಯಲ್ಲಿ ಮಂಗಳವಾರ ಮುಕ್ಕಾಲು ಪಾಲು ಹೋದಾಗ ಕರೆಂಟು ಹೋಯಿತು. ಬುಧವಾರ ಫೋನಿನ ಲೈನೇ ಹೋಯಿತು. "ಏನ್ ಸಾ, ಸಿನಿಮಾ ಬುಡುಗಡೆನಾ?" ಎಂದ ಅಂಗಡಿಯವನು. ಗುರುವಾರ ಸಂಜೆ ಅಂತೂ ಪೂರ್ತಿ ಹೋಯಿತು.

ಶುಕ್ರವಾರ ರಜೆ ಹಾಕಿ ನರಸೀಪುರಕ್ಕೆ ಹೋದೆ. ಮಧ್ಯಾಹ್ನ ಫೋನು ಬಂತು. ನನಗೂ ಕೇಳಲೆಂದು ಭಾವ ಸ್ಪೀಕರು ಹಾಕಿದರು.

"ನೋಡ್ದೇನವ್ವಾ?"

"ನೋಡ್ದೆ ಅಪ್ಪಾ. ತುಂಬಾ ಚೆನ್ನಾಗಿದೆ."

"ಧಾರೆ ಸೀರೆ ಬಣ್ಣ ಸರ್ಯಾಗಿ ಬಂತಾ?"

"ಬಂತಪ್ಪಾ. ಕೆಂಪು ಅವಳಿಗೆ ಒಪ್ಪುತ್ತೆ."

ಭಾವ "ಊಂ" ಎಂದು ಸ್ಪೀಕರು ತೆಗೆದು ಫೋನನ್ನು ನನ್ನ ಕೈಗಿಟ್ಟು ಹೊರಗೆ ಹೋದರು. ಅವಳ ದನಿ ಇಳಿಯಿತು.

"ಮಾವ, ಅದು ತೆರೀಲೇ ಇಲ್ಲ. ಒಂದು ಗಂಟೆ ಬರೀ ಚಕ್ರ ತಿರುಗ್ತು. ಇಲ್ಲಿರೋ ಹಳೇ ಕಂಪ್ಯೂಟರಿಗೆ ಅಷ್ಟು ಭಾರದ್ದು ಓಡ್ಸಕ್ಕಾಗಲ್ವಂತೆ. ಅಪ್ಪಂಗೆ ಹೇಳ್ಬೇಡಿ, ಪಾಪ, ವಾರವೆಲ್ಲ ಕಷ್ಟಪಟ್ಟವ್ರೆ."

ಗುಟ್ಟು ಇಟ್ಟುಕೊಳ್ಳುವುದರಲ್ಲಿ ನಾನು ತೂತುಬಿದ್ದ ಕೊಡ. ಭಾವ ಒಳಗೆ ಬಂದಾಗ ಗೋಡೆಯ ಕ್ಯಾಲೆಂಡರನ್ನು ಶ್ರದ್ಧೆಯಿಂದ ಓದುತ್ತಿದ್ದೆ. ಅವರು ಕಂಪ್ಯೂಟರಿನ ಮುಂದೆ ಕೂತು ಮದುವೆಯನ್ನು ಮತ್ತೆ ತೆರೆದರು.

"ಬಾಮೈದ, ಸೊಸೆ ಉಟ್ಟಿದ್ದು ಅಸ್ರು ಸೀರೆ."

ನಾನು ಕ್ಯಾಲೆಂಡರಿನ ಮುಂದಿನ ತಿಂಗಳು ತಿರುವಿದೆ.

"ನಂಗೆ ಗೊತ್ತಾಯ್ತು ಅಂತ ಅವಳ್ಗೆ ಏಳ್ಬೇಡ. ನೊಂದ್ಕತಾಳೆ." ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ಕೇಳಿದರು. "ಆ ಪಟ್ಟೀಲಿ ಎಲ್ಲಾಕ್ಕಿಂತ ಚಿಕ್ಕದು ಯಾವ್ದು?"

ಆಮೇಲೆ ಪಂಕ್ತಿಗೆ ಕತ್ತರಿ ಹಾಕತೊಡಗಿದರು. ದೊಡ್ಡಪ್ಪನ ಮಕ್ಕಳು ಹೋದರು, ಬೀಗರ ಕಡೆಯವರು ಹೋದರು. "ಮಾತ್ ಬುಟ್ರೆ ಬುಡ್ಲಿ" ಎಂದು ಗೊಣಗುತ್ತಿದ್ದರು. ಕೊನೆಯ ಸಾಲಿನಲ್ಲಿ, ಕ್ಯಾಮೆರಾವನ್ನು ಯಾರದೋ ಕೈಗೆ ಕೊಟ್ಟು ಊಟಕ್ಕೆ ಕೂತ ಅವರೇ ಬಂದರು. ಅನ್ನ ಕಲೆಸುತ್ತ, ಪಕ್ಕದಲ್ಲಿ ಯಾರನ್ನೂ ಕೂರಿಸದೆ ಖಾಲಿ ಬಿಟ್ಟಿದ್ದ ಒಂದು ಎಲೆಯ ಕಡೆ ನೋಡುತ್ತಿದ್ದರು. ಅದನ್ನೂ ತೆಗೆಯಲು ಮೌಸು ಸರಿಸಿದರು.

ನಾನು ಅವರ ಕೈ ಹಿಡಿದುಕೊಂಡೆ. "ಇದೊಂದಿರ್ಲಿ ಭಾವ" ಎಂದೆ.