ಸೊನ್ನೆ ರೂಪಾಯಿಯ ಗೋಲಗುಮ್ಮಟ

ಹೆಂಡತಿಗೆ ಕೊಟ್ಟ ಮಾತನ್ನು ಕೆಲವರು ಉಳಿಸಿಕೊಳ್ಳುತ್ತಾರೆ, ಕೆಲವರು ಮುರಿಯುತ್ತಾರೆ. ನಾನು ಮೂರನೆಯ ಬಗೆ, ಮುಂದೂಡುವವನು. ಇದರಲ್ಲಿ ಮಾತು ಮುರಿದ ಪಾಪವೂ ಇಲ್ಲ, ನಡೆಸಿದ ದಣಿವೂ ಇಲ್ಲ. ಮದುವೆಯಾದ ಹೊಸತರಲ್ಲಿ ನನ್ನ ನೀಲಮ್ಮನಿಗೆ ಬಿಜಾಪುರದ ಗೋಲಗುಮ್ಮಟ ತೋರಿಸುತ್ತೇನೆ ಎಂದಿದ್ದೆ. ನಮ್ಮೂರು ಜೇವರ್ಗಿಯಿಂದ ನೇರ ಬಸ್ಸು. ನಾನು ಗುಮಾಸ್ತಿಕೆ ಮಾಡುವ ಕಚೇರಿಯ ಕಿಟಕಿಯಿಂದ ಆ ಬಸ್ಸು ದಿನವೂ ಕಾಣುತ್ತಿತ್ತು. ಹದಿನಾಲ್ಕು ವರ್ಷ ಕಂಡಿತು.

ಎಂಬತ್ತರ ದಶಕದ ನಡುವೆ ಒಮ್ಮೆ ತರಬೇತಿಗೆಂದು ನಾನೊಬ್ಬನೇ ಬಿಜಾಪುರಕ್ಕೆ ಹೋದೆ. ಬರಿಗೈಯಲ್ಲಿ ಮನೆಗೆ ಬರುವ ಧೈರ್ಯವಿರಲಿಲ್ಲ. ಗುಮ್ಮಟದ ಹತ್ತಿರದ ಅಂಗಡಿಯಲ್ಲಿ ನೆನಪಿನ ಕಾಣಿಕೆಯೆಂದು ಒಂದು ನೋಟು ಮಾರುತ್ತಿದ್ದರು. ಥೇಟ್ ಸರ್ಕಾರಿ ನೋಟಿನ ಅಂಚು, ಬಳ್ಳಿ, ನಡುವೆ ಹಸಿರು ಮಸಿಯ ಗೋಲಗುಮ್ಮಟ. ನಾಲ್ಕೂ ಮೂಲೆಯಲ್ಲಿ ಬೆಲೆ: ಸೊನ್ನೆ ರೂಪಾಯಿ. ಎರಡು ರೂಪಾಯಿ ಕೊಟ್ಟು ಸೊನ್ನೆ ರೂಪಾಯಿ ಕೊಂಡೆ. ನೋಟು, ನಾಣ್ಯ ಕೂಡಿಡುವ ಹುಚ್ಚು ನನಗೆ. ಇಂಥದೊಂದು ಇಡೀ ತಾಲೂಕಿನಲ್ಲಿ ಯಾರ ಹತ್ತಿರವೂ ಇಲ್ಲವೆಂದು ಬೀಗಿದೆ. ನೀಲಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿದಳು. “ಚಂದ ಅದ್ರಿ. ಆದ್ರ ಇದರಾಗ ಕೂಗಿದ್ರ ತಿರುಗಿ ಕೇಳಸ್ತದೇನ್ರಿ?” ನಾನು ನಕ್ಕು ನೋಟನ್ನು ಆಲ್ಬಮ್ಮಿಗೆ ಸೇರಿಸಿದೆ. ಅವಳು ನಗಲಿಲ್ಲ.

ಮುಂದಿನ ತಿಂಗಳು ಆಳಂದದ ಆಚೆಯ ಖಜೂರಿಯಿಂದ ನನ್ನ ತಂಗಿ ಶಾಂತಾ ಬಂದು ನಾಲ್ಕು ದಿನ ಇದ್ದಳು. ಹೊರಟು ನಿಂತ ಮನೆಮಗಳಿಗೆ ಉಡಿ ತುಂಬದೆ ಕಳಿಸುವುದುಂಟೇ? ಸೆರಗಿಗೆ ಜೋಳ, ಕುಬುಸದ ಖಣ, ತೆಂಗಿನಕಾಯಿ ಹಾಕಿದ ನೀಲಮ್ಮ ಕೂಗಿದಳು: “ರೀ, ಬಸ್ಸಿನ ಹೊತ್ತಾತು. ಲಗೂನ ಒಂದ್ ಹೊಸಾ ನೋಟ್ ಕೊಡ್ರಿ. ಉಡಿಯಾಗ ಹರಕ ನೋಟ್ ಇಡಬಾರ್ದು.” ನನ್ನ ಕಿಸೆಯಲ್ಲಿದ್ದವೆಲ್ಲ ಒಗೆದ ಚಿಂದಿಯಂಥವು. ಆಲ್ಬಮ್ಮಿನಲ್ಲಿ ಗರಿಗರಿ ಹತ್ತರ ನೋಟೊಂದು ಇತ್ತು. ಓಡಿಹೋಗಿ, ಕನ್ನಡಕ ಹುಡುಕುವ ತಾಳ್ಮೆಯಿಲ್ಲದೆ, ಕೈಗೆ ಗರಿಗರಿ ಎಂದದ್ದನ್ನು ಎಳೆದು ತಂದು ಕಾಯಿಯ ಕೆಳಗೆ ನಾನೇ ಸಿಕ್ಕಿಸಿದೆ. ನೋಟು ನೋಡಿಯೇ ಕಾಲ ಗುರುತಿಸುವ ಪಂಡಿತ ನಾನು!

ವಾರದ ಮೇಲೆ ಶಾಂತಾಳ ಕಾಗದ ಬಂತು. “ಅಣ್ಣಾ, ನೀ ಕೊಟ್ಟ ಗುಮ್ಮಟದ ನೋಟು ಕಂಡಕ್ಟರ್ ತಗೋಲಿಲ್ಲ, ನಕ್ಕ. ಖರೇ ನೋಟ್ ಇದ್ದಿದ್ರ ಆಳಂದ ಮುಟ್ಟೂದರಾಗ ಖರ್ಚಾಗ್ತಿತ್ತು. ಇದು ನಮ್ಮ ದೇವರ ಜಗಲಿ ಮ್ಯಾಲ ಅದ. ತವರಮನಿ ಉಡಿ ಅಂತ ದಿನಾ ನೋಡ್ತೀನಿ.” ಓದಿ ನನಗೆ ನಾಚಿಕೆಯಾಯಿತು, ಕಣ್ಣೂ ತುಂಬಿತು. ಆದರೂ ಹುಚ್ಚು ಬಿಡಬೇಕಲ್ಲ, ಬದಲಿಗೆ ಬೇರೆ ನೋಟು ಕಳಿಸಿ ಅದನ್ನು ತರಿಸಿಕೊಳ್ಳಲೇ ಎಂದು ಗೊಣಗಿದೆ. ನೀಲಮ್ಮ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದವಳು ತಟ್ಟನೆ ತಿರುಗಿದಳು. “ಉಡಿದು ವಾಪಸ್ ಕೇಳ್ತಾರೇನ್ರಿ ಯಾರರ? ನಿಮಗ ಅಂಥಾದೇ ಬೇಕಂದ್ರ ನಡೀರಿ, ಬಿಜಾಪುರಕ್ಕ ಹೋಗಿ ಇನ್ನೊಂದು ತರೂಣ. ಇಬ್ಬರೂ.”

ಹೀಗೆ ನಾನು ಮಾತು ಉಳಿಸಿಕೊಂಡೆ. ಗುಮ್ಮಟದ ಮೆಟ್ಟಿಲು ಹತ್ತುವಾಗ ನಾನು ಎರಡು ಕಡೆ ಕೂತೆ. ಅವಳು ಸೀರೆ ಎತ್ತಿ ಹಿಡಿದು ಮುಂದೆ ಓಡಿದಳು. ಮೇಲಿನ ದುಂಡು ಗ್ಯಾಲರಿಯಲ್ಲಿ ಜನ ಕೂಗುತ್ತಿದ್ದರು, ಗುಮ್ಮಟವೂ ಕೂಗುತ್ತಿತ್ತು. ಗದ್ದಲ ತಗ್ಗಿದಾಗ ಕಾವಲುಗಾರ ಅವಳನ್ನು ಆಚೆ ತುದಿಗೆ ಕೂರಿಸಿ, ಗೋಡೆಗೆ ಬಾಯಿಟ್ಟು ಪಿಸುಗುಡಲು ಹೇಳಿದ. ಈಚೆ ತುದಿಯಲ್ಲಿ ನನ್ನ ಕಿವಿಯನ್ನು ಗೋಡೆಗೆ ಹಚ್ಚಿಸಿದ. ನಮ್ಮ ಕಡೆಯ ಹೆಣ್ಣುಮಕ್ಕಳು ಗಂಡನ ಹೆಸರು ಹಿಡಿಯುವುದಿಲ್ಲ. ಏನೆಂದು ಕರೆಯುತ್ತಾಳೋ ಎಂದುಕೊಳ್ಳುವಷ್ಟರಲ್ಲಿ ಕಿವಿಯ ಬುಡದಲ್ಲೇ ಅವಳ ದನಿ ಬಂತು: “ರೀ… ಭಾಳ ಖುಷಿ ಆಗ್ಯದ್ರಿ ನನಗ.”

ಎದುರಿಗೆ ಅವಳ ಸೀರೆಯ ಬಣ್ಣವಷ್ಟೇ ಕಾಣುತ್ತಿತ್ತು. ಇಷ್ಟು ದೂರದ ಪಿಸುಮಾತು ಇಷ್ಟು ಸ್ಪಷ್ಟವಾಗಿ ಕೇಳುವುದು ಕಟ್ಟಿದವರ ಜಾಣತನ ಎಂದು ಕಾವಲುಗಾರ ವಿವರಿಸುತ್ತಿದ್ದ. ನಾನು ಹೌದೆಂದು ತಲೆಯಾಡಿಸಿದೆ. ಹದಿನಾಲ್ಕು ವರ್ಷಗಳಲ್ಲಿ ನಾನು ಅವಳ ಮಾತಿಗೆ ಕಿವಿಯಿಟ್ಟು ಕೂತದ್ದು ಇದೇ ಮೊದಲು ಎಂಬುದನ್ನು ಮಾತ್ರ ಅವನಿಗೆ ಹೇಳಲಿಲ್ಲ.